ಎಡಕ್ಕೊಂದು ಬಲಕ್ಕೊಂದು ಹೆಡ್ಡು ಕೂರಿಸಿದ ಎಂಜಿನ್ನಿನ ಬಾಬತ್ತು

ಇಂದ,
ಅರ್ಜಿದಾರ, ತಮ್ಮ ಪತಿ,
ವೃತ್ತಿ: ಲಿಫ್ಟ್ ರಿಪೇರಿ,
ವಾಸ: ತಮ್ಮದೇ ಮನೆ, ಎಚ್ಚರವಿರುವ ಹೊತ್ತಿನಲ್ಲಿ ಹಿತ್ತಲಿನ ಶೆಡ್ಡು.
(ಅರ್ಜಿದಾರ ಹೇಳಿದ್ದನ್ನು ಕೇಳಿ, ತಿದ್ದಿ, ಬರೆದುಕೊಟ್ಟವನು: ಎದುರು ಮನೆಯ ನಿವೃತ್ತ ಗುಮಾಸ್ತ.)

ಗೆ,
ಶೆಡ್ಡಿನ ಮಾಲೀಕರು ಹಾಗೂ ಗೃಹ ಆಡಳಿತಾಧಿಕಾರಿಗಳು,
ಊಟದ ಮೇಜು, ಖಾಲಿ ಉಳಿದಿರುವ ಭಾಗ.

ವಿಷಯ: ಶೆಡ್ಡಿನಲ್ಲಿರುವ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನಿಗೆ ಸಿಲಿಂಡರ್ ಹೆಡ್ ಆರಿಸುವ ವಿಚಾರದಲ್ಲಿ ಉದ್ಭವಿಸಿರುವ ವ್ಯಾಜ್ಯದ ಬಗ್ಗೆ, ಹಾಗೂ ಸದರಿ ಎಂಜಿನ್ನನ್ನು ಬರುವ ಭಾನುವಾರ ಗುಜರಿಗೆ ಹಾಕುವ ಆದೇಶಕ್ಕೆ ತಡೆ ಕೋರಿ.

ಉಲ್ಲೇಖ:
1. ಕಳೆದ ಭಾನುವಾರ ಶೆಡ್ಡಿನ ಬಾಗಿಲಲ್ಲಿ ನಿಂತು ತಾವು ಹೊರಡಿಸಿದ ಮೌಖಿಕ ಆದೇಶ.
2. ಅದೇ ದಿನ ಊಟಕ್ಕೆ ಕೂತಾಗ ಹೊರಡಿಸಿದ ಪೂರಕ ಆದೇಶ: "ಆ ಎಂಜಿನ್ ವಿಷಯ ಇನ್ನೇನಿದ್ರೂ ಬರೆದುಕೊಡಿ. ನನ್ನ ಕಿವಿಗೆ ರಜೆ."
3. ಗುಜರಿ ಅಂಗಡಿಯವನು ಫೋನಿನಲ್ಲಿ ಎಂಜಿನ್ನಿನ ತೂಕ ವಿಚಾರಿಸಿದ್ದು; ಅದು ಅರ್ಜಿದಾರನ ಕಿವಿಗೆ ಬಿದ್ದದ್ದು.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ಅರ್ಜಿದಾರ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಉಲ್ಲೇಖ (2)ರ ಆದೇಶ ಹೊರಬಿದ್ದ ಮರುದಿನವೇ ಅರ್ಜಿದಾರ ರಸ್ತೆ ದಾಟಿ ಬಂದು, ಈ ಅರ್ಜಿಯ ಬರಹಗಾರನ ಮುಂದೆ ಒಂದು ಬಿಳಿ ಹಾಳೆ ಇಟ್ಟು ಕೂತನು. ಬರಹಗಾರ ನೌಕರಿಯ ಕಾಲವೆಲ್ಲ ಪರರ ಅರ್ಜಿಗಳನ್ನು ಓದಿ ಓದಿ ಕಣ್ಣು ಮಂಜು ಮಾಡಿಕೊಂಡವನು. ಜಮೀನಿಗೆ, ನಲ್ಲಿಗೆ, ರಜೆಗೆ, ಬೀದಿ ದೀಪಕ್ಕೆ ಜನ ಅರ್ಜಿ ಹಾಕಿದ್ದನ್ನು ಕಂಡಿದ್ದನು. ಕಟ್ಟಿಕೊಂಡ ಹೆಂಡತಿಗೆ ಅರ್ಜಿ ಹಾಕಲು ಬಂದವನನ್ನು ಕಂಡದ್ದು ಇದೇ ಮೊದಲು. ಒಂದೇ ಸೂರಿನಡಿ ಇರುವವರು, ಹೋಗಿ ಎದುರಿಗೆ ನಿಂತು ನಾಲ್ಕು ಮಾತು ಆಡಿದರೆ ಮುಗಿಯಿತಲ್ಲ ಎಂದು ಬರಹಗಾರ ಬುದ್ಧಿ ಹೇಳಿದನು. ಅರ್ಜಿದಾರ ತಲೆ ತಗ್ಗಿಸಿ, ಆದೇಶ ಅಂದರೆ ಆದೇಶವೇ ಎಂದನು. ತಾವು ಕಚೇರಿಯಲ್ಲಿ ಟಪಾಲು ಸ್ವೀಕರಿಸುವ ಆವಕ ವಿಭಾಗದ ಮುಖ್ಯಸ್ಥರಾಗಿದ್ದು, ಬರವಣಿಗೆಯಲ್ಲಿ ಬಾರದ ಯಾವುದನ್ನೂ ಕಣ್ಣೆತ್ತಿ ನೋಡುವುದಿಲ್ಲವೆಂಬುದು ಬೀದಿಗೆಲ್ಲ ತಿಳಿದ ಸಂಗತಿ. ಆದ್ದರಿಂದ ಈ ಅರ್ಜಿ.

2. ಎಂಜಿನ್ನಿನ ಹಿನ್ನೆಲೆ. ಇದು ತಮಗೆ ಗೊತ್ತಿರುವುದೇ ಆಗಿದೆ. ಆದರೆ ಗೊತ್ತಿರುವುದನ್ನೇ ಗೊತ್ತಿರುವವರಿಗೆ ಮತ್ತೆ ಬರೆದು ತಿಳಿಸುವುದು ಅರ್ಜಿಯ ಪದ್ಧತಿ. ಅರ್ಜಿದಾರನೂ ತಮ್ಮ ಕಿರಿಯ ಸಹೋದರನೂ ಜಂಟಿಯಾಗಿ ತಂದ ಹಳೆಯ ಉದ್ದ ಕಾರೊಂದು ಹಿತ್ತಲಿನಲ್ಲಿ ಟಾರ್ಪಾಲಿನಡಿ ನಾಲ್ಕು ದಿಮ್ಮಿಗಳ ಮೇಲೆ ಕೂತಿದೆ. ಅದಕ್ಕೆ ಚಕ್ರವಿಲ್ಲ, ಸೀಟಿಲ್ಲ, ಡ್ರೈವರ್ ಕಡೆಯ ಬಾಗಿಲು ಎಲ್ಲಿದೆಯೆಂದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಎಂಜಿನ್ ಮಾತ್ರ ಶೆಡ್ಡಿನೊಳಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ದಿನವೂ ಒರೆಸಿಕೊಂಡು, ಹಳೆಯ ಬೆಡ್‌ಶೀಟು ಹೊದ್ದುಕೊಂಡು ಸುಖವಾಗಿದೆ. ಏಳು ಲೀಟರಿಗೂ ಮಿಕ್ಕ ಹೊಟ್ಟೆಯ ಎಂಜಿನ್ನು. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ ನಿಂತಿವೆ. ಬುಡ ಒಂದೇ ಆದರೂ ಒಂದು ಸಾಲು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿಕೊಂಡಿದೆ. ಈ ಭಂಗಿಯನ್ನು ಬರಹಗಾರ ಅನೇಕ ಕುಟುಂಬಗಳಲ್ಲೂ ಕಂಡಿದ್ದಾನೆ.

ಪಂದ್ಯಕ್ಕಲ್ಲ, ರಸ್ತೆಗೆ, ಆದರೆ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಬೆನ್ನು ಸೀಟಿಗೆ ಅಂಟಿಕೊಳ್ಳಬೇಕು. ಹೀಗೆಂದು ಇಬ್ಬರೂ ಹೇಳಿಕೊಂಡು ಕೆಲಸ ಶುರು ಮಾಡಿದರು. ಕ್ರ್ಯಾಂಕು, ಪಿಸ್ಟನ್ನು, ಕ್ಯಾಮು ಮುಂತಾದ ಒಳಭಾಗಗಳನ್ನೆಲ್ಲ ಹಾಲು ಜೇನಿನಂತೆ ಕೂಡಿಕೊಂಡು ಆರಿಸಿದರು, ಕೂರಿಸಿದರು. ಹಳೆಯ ಹೆಡ್ಡುಗಳೆರಡೂ ಸೀಳು ಬಿಟ್ಟಿದ್ದವು. ಕಾರಣ, ಹೊಸ ಹೆಡ್ಡು ಆರಿಸುವ ಪ್ರಶ್ನೆ ಎದ್ದಿತು. ಕೆಟ್ಟದ್ದು ಅಲ್ಲಿಂದ.

3. ಸಿಲಿಂಡರ್ ಹೆಡ್ ಎಂದರೇನೆಂದು ಬರಹಗಾರನಿಗೂ ತಿಳಿದಿರಲಿಲ್ಲ. ಅರ್ಜಿದಾರ ಟೀ ಲೋಟ, ತಟ್ಟೆ, ಕನ್ನಡಕದ ಡಬ್ಬಿ ಇಟ್ಟು ತೋರಿಸಿದ ಪ್ರಕಾರ, ಅದು ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತು ಎಂಜಿನ್ನಿಗೆ ಉಸಿರಾಡಿಸುವ ಭಾಗ. ಸಾಲಿಗೊಂದರಂತೆ ಎರಡು ಹೆಡ್ಡು. ಹೆಡ್ಡಿನೊಳಗೆ ಗಾಳಿ ಹೋಗಲು ದಾರಿ ಇರುತ್ತದೆ. ಆ ದಾರಿ ಸಣ್ಣದಿದ್ದರೆ ಗಾಳಿ ರಭಸದಿಂದ ನುಗ್ಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಗಟ್ಟಿಯಾಗಿ ಎಳೆಯುತ್ತದೆ. ಸಿಗ್ನಲ್ಲಿನಲ್ಲಿ ನಿಂತು ನಿಂತು ಹೊರಡುವ ಗಾಡಿಗೆ ಅದು ಹಿತ. ದಾರಿ ದೊಡ್ಡದಿದ್ದರೆ ಎಂಜಿನ್ ಜೋರಾಗಿ ತಿರುಗುವಾಗ ಬೇಕಾದಷ್ಟು ಉಸಿರು ಸಿಗುತ್ತದೆ. ಆದರೆ ನಿಧಾನದಲ್ಲಿ ಗಾಳಿ ಒಳಗೆ ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸುತ್ತದೆ.

ಹಾಗಿದ್ದ ಮೇಲೆ ರಸ್ತೆಗೆ ಸಣ್ಣ ದಾರಿ, ಪಂದ್ಯಕ್ಕೆ ದೊಡ್ಡ ದಾರಿ ಎಂದು ಒಂದೇ ಮಾತಿನಲ್ಲಿ ಮುಗಿಯಬೇಕಿತ್ತು. ಮುಗಿಯದಿರಲು ಎಂಜಿನ್ನಿನ ಗಾತ್ರವೇ ಕಾರಣ. ಇಷ್ಟು ದೊಡ್ಡ ಹೊಟ್ಟೆಗೆ ಸಣ್ಣ ಮೂಗು ಇಟ್ಟರೆ ಏದುಸಿರು ಬಿಡುವುದಿಲ್ಲವೇ ಎಂಬುದು ದೊಡ್ಡ ದಾರಿ ಪಕ್ಷದ ವಾದ. ಬರಹಗಾರನ ಅಭಿಪ್ರಾಯದಲ್ಲಿ ಎರಡೂ ಪಕ್ಷ ಅರ್ಧರ್ಧ ಸರಿ. ಅರ್ಧ ಸರಿಯಿರುವವರು ಪಟ್ಟು ಹಿಡಿದಷ್ಟು ಪೂರ್ತಿ ಸರಿಯಿರುವವರು ಹಿಡಿಯುವುದಿಲ್ಲವೆಂಬುದನ್ನು ಬರಹಗಾರ ಕಚೇರಿಯಲ್ಲೂ ಗಮನಿಸಿದ್ದಾನೆ.

4. ಪಕ್ಷಗಾರರ ಪರಿಚಯ.

(ಅ) ಸಣ್ಣ ದಾರಿ ಪಕ್ಷ: ಅರ್ಜಿದಾರ. ಬೆಳಿಗ್ಗೆ ಉಪಕರಣದ ಚೀಲ ಹೆಗಲಿಗೇರಿಸಿ ಹೋದರೆ, ಯಾವುದಾದರೊಂದು ಎತ್ತರದ ಕಟ್ಟಡದ ಲಿಫ್ಟಿನ ಬಾವಿಯೊಳಗೆ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ. ಅಲ್ಲಿ ಮಾತಾಡಲು ಹಗ್ಗ, ಗ್ರೀಸು ಮತ್ತು ಕತ್ತಲು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಲಿಫ್ಟಿನೊಳಗೆ ಬರುವ ಜನ ಮೇಲೊಬ್ಬನಿದ್ದಾನೆಂದು ಅರಿಯರು. ಅರಿತವರು ಬೇಗ ಮುಗಿಸಿ ಎನ್ನುವರು.

(ಆ) ದೊಡ್ಡ ದಾರಿ ಪಕ್ಷ: ಅರ್ಜಿದಾರನ ಭಾಮೈದ, ಅಂದರೆ ತಮ್ಮ ಸಹೋದರ. ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿ ಇರುವ ಎರಡನೆಯ ಬ್ರೇಕನ್ನು ಒತ್ತುವುದೇ ದಿನವಿಡೀ ಕಸುಬಾದ್ದರಿಂದ ಊರಿಗೆಲ್ಲ ಬ್ರೇಕ್ ಮೇಷ್ಟ್ರು ಎಂದೇ ಪ್ರಸಿದ್ಧಿ. ಸೈಕಲ್ಲಿಗಿಂತ ವೇಗವಾಗಿ ಹೋದ ದಿನ ಈತನ ಮುಖ ಬಿಳಿಚಿಕೊಂಡಿರುತ್ತದೆ. ಇಂಥವನು ಇಡೀ ಪೇಟೆಯಲ್ಲೇ ದೊಡ್ಡ ಗಾಳಿದಾರಿಯ ಹೆಡ್ಡು ಬೇಕೆಂದು ಹಟ ಹಿಡಿದನೆಂಬುದನ್ನು ದಯವಿಟ್ಟು ಗಮನಿಸಬೇಕು.

ಅರ್ಜಿದಾರನಿಗೆ ಒಡಹುಟ್ಟಿದವರಿಲ್ಲ. ತಮ್ಮನ್ನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಯಾರ ಬಳಿ ಏನು ಮಾತಾಡಬೇಕೆಂದು ತಿಳಿಯದೆ ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದನು. ಆಗ ಮೇಷ್ಟ್ರು ಬಂದು, ಬಾ ಭಾವ, ನಿನಗೊಂದು ತೋರಿಸ್ತೀನಿ ಎಂದು ಶೆಡ್ಡಿಗೆ ಕರೆದೊಯ್ದು ಒಂದು ಮುರುಕು ಕಾರ್ಬ್ಯುರೇಟರ್ ಕೈಗೆ ಕೊಟ್ಟನು. ಅಂದಿನಿಂದ ಅರ್ಜಿದಾರ ಈ ಮನೆಯವನಾದನು. ಇದನ್ನು ಅವನು ತಮಗೂ ಎಂದೂ ಹೇಳಿಲ್ಲವಂತೆ. ಹೇಳದಿರುವುದರಲ್ಲಿ ಅವನದು ಎತ್ತಿದ ಕೈ.

5. ಆಯ್ಕೆಯ ಸಲುವಾಗಿ ನಡೆದ ತನಿಖೆ. ಸಂಜೆ ಕೆಲಸ ಮುಗಿಸಿ ಮೇಷ್ಟ್ರು ನೇರ ಶೆಡ್ಡಿಗೆ ಬರುವುದು, ಅರ್ಜಿದಾರ ಕೈ ತೊಳೆಯದೆಯೇ ಅಲ್ಲಿಗೆ ಓಡುವುದು, ಊಟಕ್ಕೆ ತಾವು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುವುದು ರೂಢಿಯಾಯಿತು. ಪರಿಚಯದ ಗ್ಯಾರೇಜುಗಳಿಂದ ನೋಡಿ ಹಿಂದಿರುಗಿಸುತ್ತೇವೆಂದು ಕೈಕಾಲು ಹಿಡಿದು ತಂದ ಹೆಡ್ಡುಗಳು ಊಟದ ಮೇಜಿನ ಮೇಲೆ ಒಂದಾದ ಮೇಲೊಂದು ಬಂದು ಮಲಗಿದವು. ಯಾವುದರಲ್ಲಿ ಎಷ್ಟು ಗಾಳಿ ಹಾಯುತ್ತದೆಂದು ಅಳೆಯಲು ತಮ್ಮ ವ್ಯಾಕ್ಯೂಮ್ ಕ್ಲೀನರನ್ನು ಹೆಡ್ಡಿನ ಬಾಯಿಗೆ ಬಿಗಿದು, ಪಕ್ಕದಲ್ಲಿ ಬಣ್ಣದ ನೀರು ತುಂಬಿದ ಕೊಳವೆ ನಿಲ್ಲಿಸಿ, ನೀರು ಎಷ್ಟು ಏರಿತೆಂದು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಒಂದೇ ಹೆಡ್ಡು ಇವತ್ತು ಒಂದು ಲೆಕ್ಕ, ನಾಳೆ ಇನ್ನೊಂದು ಲೆಕ್ಕ ಕೊಟ್ಟಿತು. ಕಾರಣ ಹುಡುಕಿದಾಗ ಕ್ಲೀನರಿನ ಚೀಲದಲ್ಲಿ ಕಸ ತುಂಬಿದ್ದು ಕಂಡುಬಂದಿತು. ತನಿಖೆಯನ್ನು ಮೊದಲಿನಿಂದ ಪುನಃ ಆರಂಭಿಸಲಾಯಿತು.

ಹೆಡ್ಡನ್ನು ಬೋರಲು ಹಾಕಿ, ಬೆಂಕಿ ಹೊತ್ತುವ ಗುಂಡಿಗೆ ಔಷಧದ ಸಿರಿಂಜಿನಿಂದ ಹನಿ ಹನಿ ನೀರು ಬಿಟ್ಟು ಅದೆಷ್ಟು ಹಿಡಿಯುತ್ತದೆಂದು ಅಳೆದರು. ಹೆಡ್ಡಿನಲ್ಲಿ ಗಾಳಿದಾರಿಯ ಬಾಯಿ ತೆರೆದು ಮುಚ್ಚುವ ಕವಾಟ ಪಿಸ್ಟನ್ನಿಗೆ ತಾಗುತ್ತದೆಯೋ ಎಂದು ನೋಡಲು ಮಕ್ಕಳಾಡುವ ಬಣ್ಣದ ಜೇಡಿಯನ್ನು ಪಿಸ್ಟನ್ನಿನ ಮೇಲೆ ಅಂಟಿಸಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಬಿದ್ದ ಅಚ್ಚನ್ನು ಬ್ಲೇಡಿನಿಂದ ಕೊಯ್ದು ನೋಡಿದರು. ತಮ್ಮ ಬಟ್ಟೆ ತೊಟ್ಟಿಯಲ್ಲಿ ಹೆಡ್ಡು ತೊಳೆದ ಪ್ರಕರಣ ಪ್ರತ್ಯೇಕ ಕಡತದಲ್ಲಿದ್ದು, ಅದರ ಬಗ್ಗೆ ತಾವು ಈಗಾಗಲೇ ಸೂಕ್ತ ಕ್ರಮ ಜರುಗಿಸಿದ್ದೀರಿ. ಒಂದು ಹೆಡ್ಡನ್ನು ಕೂಲಂಕಷವಾಗಿ ನೋಡಿ ಇದೇ ಇರಲಿ ಎಂದು ತೀರ್ಮಾನಿಸಿದ ಮರುಸಂಜೆಯೇ ಏನಾದರೊಂದು ಅನುಮಾನ ತಲೆಯೆತ್ತುತ್ತಿತ್ತು. ಮಳೆಗಾಲ ಹೋಗಿ ಚಳಿಗಾಲ ಬಂದು ಅದೂ ಹೋಯಿತು. ಹೆಡ್ಡಿಲ್ಲದ ಎಂಜಿನ್ನು ಬೆಡ್‌ಶೀಟು ಹೊದ್ದೇ ಇತ್ತು.

6. ಜಗಳ. ಒಂದು ಸಂಜೆ ಅರ್ಜಿದಾರ ಇಡೀ ದಿನ ಕೆಟ್ಟುನಿಂತ ಲಿಫ್ಟೊಂದರಲ್ಲಿ ಹೆಣಗಿ, ಬೈಸಿಕೊಂಡು ಬಂದಿದ್ದನು. ಮೇಷ್ಟ್ರ ವಿದ್ಯಾರ್ಥಿಯೊಬ್ಬ ಅದೇ ದಿನ ಶಾಲೆಯ ಕಾರನ್ನು ಕಾಂಪೌಂಡಿಗೆ ಗುದ್ದಿಸಿದ್ದನು. ಇಬ್ಬರ ಹೊಟ್ಟೆಯಲ್ಲೂ ಬೇರೆಯವರ ಮೇಲಿನ ಸಿಟ್ಟು ಇತ್ತು. ಇಂಥ ಸಿಟ್ಟಿಗೆ ಹತ್ತಿರದವರೇ ಬೇಕು. ಮಾತು ಗಾಳಿದಾರಿಯಿಂದ ಶುರುವಾಗಿ, ಯಾರಿಗೆ ಎಷ್ಟು ತಿಳಿದಿದೆ ಎಂಬಲ್ಲಿಗೆ ಬಂದಿತು. ಆಗ ಮೇಷ್ಟ್ರು ಸ್ಪ್ಯಾನರ್ ಕೆಳಗಿಟ್ಟು ಹೇಳಿದ್ದು:

"ಭಾವ, ನೀನು ಹುಟ್ಟಿದಾಗಿನಿಂದ ಮೇಲೆ ಹೋಗಿದ್ದೀಯ, ಕೆಳಗೆ ಬಂದಿದ್ದೀಯ. ಮುಂದಕ್ಕೆ ಹೋಗಿದ್ದು ನಾನಂತೂ ನೋಡಿಲ್ಲ."

ಅರ್ಜಿದಾರ ಸಾಮಾನ್ಯವಾಗಿ ಮಾತಿಗೆ ಮಾತು ಕೂಡಿಸುವವನಲ್ಲ. ಅಂದು ಮಾತ್ರ ಉತ್ತರ ನಾಲಿಗೆಯ ತುದಿಗೇ ಬಂದು ಕೂತಿತ್ತು.

"ನೀನು ಇನ್ನೊಬ್ಬರ ಗಾಡಿಗೆ ಬ್ರೇಕು ಹಾಕೇ ಬದುಕಿದವನು. ನಿನಗ್ಯಾಕೆ ಇಷ್ಟು ದೊಡ್ಡ ಎಂಜಿನ್ನು?"

ಹೇಳಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆನೆಂದು ಅರ್ಜಿದಾರ ತಿಳಿಸಿರುತ್ತಾನೆ. ಆದರೆ ಕಚ್ಚಿಕೊಂಡ ನಾಲಿಗೆ ಎದುರಿಗಿದ್ದವನಿಗೆ ಕಾಣುವುದಿಲ್ಲ.

7. ಪಾಲು. ಮುಖ ಊದಿಸಿಕೊಂಡು ಕೆಲವು ದಿನ ಕಳೆದ ಮೇಲೆ ಇಬ್ಬರೂ ಶೆಡ್ಡಿನಲ್ಲಿ ಸೇರಿ, ಬುದ್ಧಿಯಿರುವವರು ಯಾರೂ ಮಾಡದ ಒಂದು ಒಪ್ಪಂದಕ್ಕೆ ಬಂದರು. ಎಂಜಿನ್ನಿಗೆ ಹೇಗೂ ಎರಡು ಸಾಲು, ಮಾಲೀಕರೂ ಇಬ್ಬರು. ಆದ್ದರಿಂದ ಎಡ ಸಾಲು ಮೇಷ್ಟ್ರ ಪಾಲು, ಬಲ ಸಾಲು ಅರ್ಜಿದಾರನ ಪಾಲು. ಕ್ರ್ಯಾಂಕು, ಕ್ಯಾಮು, ಎಣ್ಣೆ, ನೀರು ಜಂಟಿ. ಅವರವರ ಸಾಲಿಗೆ ಅವರವರ ಇಷ್ಟದ ಹೆಡ್ಡು. ಒಬ್ಬರ ಕಡೆ ಇನ್ನೊಬ್ಬರು ಮೂಗು ತೂರಿಸತಕ್ಕದ್ದಲ್ಲ. ನೆಲದ ಮೇಲೆ, ಸ್ಟ್ಯಾಂಡಿನ ಕೆಳಗೆ ಹಾಯುವಂತೆ, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಡ ಎಂದರೆ ಡ್ರೈವರ್ ಸೀಟಿನಲ್ಲಿ ಕೂತವನ ಎಡವೋ, ಎಂಜಿನ್ನಿಗೆ ಎದುರಾಗಿ ನಿಂತವನ ಎಡವೋ ಎಂದು ಒಂದು ಸಂಜೆಯೆಲ್ಲ ವಾದ ನಡೆಯಿತು. ಹೆಡ್ಡುಗಳು ಯಾವ ಕಡೆಗೂ ಕೂರುತ್ತವೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಡುವೆ ಕೂತು ಎರಡೂ ಹೆಡ್ಡಿಗೆ ಗಾಳಿ ಹಂಚುವ ಭಾಗವನ್ನು ಒಂದು ಬದಿ ದೊಡ್ಡ ತೂತಿಗೆ, ಇನ್ನೊಂದು ಬದಿ ಸಣ್ಣ ತೂತಿಗೆ ಹೊಂದುವಂತೆ ಉಜ್ಜಿಸಬೇಕಾಯಿತು. ಲೇತಿನವನು ಅಳತೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಒಂದೇ ಎಂಜಿನ್ನಿಗೋ ಎಂದು ಕೇಳಿದನು. ಒಂದೇ ಎಂದು ಇಬ್ಬರೂ ಒಮ್ಮೆಲೇ ಹೇಳಿದರು. ಅವರಿಬ್ಬರೂ ಆ ತಿಂಗಳು ಒಮ್ಮತದಿಂದ ಹೇಳಿದ ಮಾತು ಅದೊಂದೇ ಆಗಿರುತ್ತದೆ.

8. ಸದರಿ ಎಂಜಿನ್ನನ್ನು ಕಳೆದ ಭಾನುವಾರ ಸ್ಟ್ಯಾಂಡಿನ ಮೇಲೇ ಚಾಲೂ ಮಾಡಲಾಯಿತು. ಆದದ್ದನ್ನು ತಾವೇ ಕಣ್ಣಾರೆ ಕಂಡಿದ್ದೀರಿ. ಎದುರು ಮನೆಯಲ್ಲಿದ್ದ ಬರಹಗಾರನ ಕಿಟಕಿ ಗಾಜು ನಡುಗಿದ್ದರಿಂದ ಅವನೂ ಸಾಕ್ಷಿ. ಎಂಜಿನ್ನು ಹೊತ್ತಿಕೊಂಡಿತೇನೋ ಸರಿ. ಆದರೆ ಬಲ ಸಾಲು ಹೊರಡುವ ಹೊತ್ತಿಗೆ ಎಡ ಸಾಲು ಆಕಳಿಸುತ್ತಿತ್ತು; ಎಡ ಸಾಲು ಎದ್ದು ಅಬ್ಬರಿಸುವ ಹೊತ್ತಿಗೆ ಬಲ ಸಾಲು ಏದುಸಿರು ಬಿಡುತ್ತಿತ್ತು. ಸ್ಟ್ಯಾಂಡು ಸಮೇತ ಇಡೀ ಎಂಜಿನ್ನು ಕುಂಟುತ್ತಾ ಬಾಗಿಲ ಕಡೆಗೆ ಹೊರಟಿತು. ಕಪಾಟಿನಿಂದ ಡಬ್ಬಿಗಳು ಒಂದೊಂದಾಗಿ ಬಿದ್ದವು. ಮೇಷ್ಟ್ರು ಗೆರೆಯ ಆಚೆ ನಿಂತು ತನ್ನ ಕಡೆ ಸರಿಯಾಗಿದೆ ಎಂದನು. ಅರ್ಜಿದಾರ ಗೆರೆಯ ಈಚೆ ನಿಂತು ತನ್ನ ಕಡೆಯೂ ಸರಿಯಾಗಿದೆ ಎಂದನು. ಎಂಜಿನ್ ನಿಲ್ಲಿಸಲು ಯಾರೂ ಕೈ ಚಾಚಲಿಲ್ಲ. ಕೀಲಿ ಜಂಟಿ ಆಸ್ತಿಯಾಗಿತ್ತು.

ತಾವು ಬಾಗಿಲಲ್ಲಿ ನಿಂತು ಆಗ ಕೇಳಿದ್ದು: "ಎರಡೂ ಕಡೆ ಸರಿ ಇದ್ರೆ, ನಡುವೆ ಸಾಯ್ತಿರೋದು ಏನು?"

ತಾವೇ ಒಳಬಂದು ಎಂಜಿನ್ ಆರಿಸಿದಿರಿ. ಇಬ್ಬರ ನಡುವೆ ಮಾತು ಸಾಗಿಸಿ ಸಾಗಿಸಿ ಸಾಕಾಗಿದೆ, ಅವನು ಅಲ್ಲಿಂದ ಅಕ್ಕ ಅಂತಾನೆ, ನೀವು ಇಲ್ಲಿಂದ ಲೇ ಅಂತೀರಿ, ನಾನೇನು ಟಪಾಲಿನವಳೇ ಎಂದಿರಿ. ಎಂಜಿನ್ನನ್ನು ಗುಜರಿಗೆ ಹಾಕುವ ಉಲ್ಲೇಖ (1)ರ ಆದೇಶ ಹೊರಬಿದ್ದದ್ದು ಈ ಸಂದರ್ಭದಲ್ಲಿ. ಮೇಷ್ಟ್ರು ತನ್ನ ಸ್ಪ್ಯಾನರುಗಳನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿಕೊಂಡನು. ಹೊರಡುವಾಗ ಅರ್ಜಿದಾರನ ಕಡೆ ತಿರುಗಿ, "ಬರ್ತೀನಿ. ತಾವು ನಡೆಸಿ" ಎಂದನು. ಅಷ್ಟು ವರ್ಷ ಏಕವಚನದಲ್ಲಿ ಬೈದವನು ಅಂದು ತಾವು ಎಂದದ್ದು, ಭಾವ ಎಂಬ ಮಾತನ್ನೇ ಬಿಟ್ಟದ್ದು ಅರ್ಜಿದಾರನಿಗೆ ಕಪಾಳಕ್ಕೆ ಹೊಡೆದಂತಾಯಿತು.

9. ಆದರೂ ಅರ್ಜಿದಾರ ಪೂರ್ತಿ ಎದೆಗುಂದಿರಲಿಲ್ಲ. ಗುಜರಿ ಎಂದ ಕೂಡಲೇ ಮೇಷ್ಟ್ರು ಕೆಂಡವಾಗುತ್ತಾನೆ, ಅಕ್ಕನ ಮುಂದೆ ಕೂಗಾಡುತ್ತಾನೆ, ಆ ನೆಪದಲ್ಲಿ ಮತ್ತೆ ಬರುತ್ತಾನೆ ಎಂದು ಲೆಕ್ಕ ಹಾಕಿದ್ದನು. ತಾವು ಅಂದೇ ಸಂಜೆ ಅರ್ಜಿದಾರನ ಎದುರಿಗೇ ಸಹೋದರನಿಗೆ ಫೋನ್ ಮಾಡಿ ವಿಷಯ ತಿಳಿಸಿದಿರಿ. ಆ ಕಡೆಯಿಂದ ಬಂದ ಉತ್ತರ ಅರ್ಜಿದಾರನಿಗೂ ಕೇಳಿಸಿತು. "ಆಗ್ಲಿ ಅಕ್ಕ" ಎಂದು ಹೇಳಿ ಮೇಷ್ಟ್ರು ಫೋನ್ ಇಟ್ಟನು.

ಜಗಳವಾಡಲಿಲ್ಲ. ತನ್ನ ಪಾಲಿನ ಹೆಡ್ಡನ್ನಾದರೂ ಬಿಚ್ಚಿಕೊಡಿ ಎನ್ನಲಿಲ್ಲ. ಬೈದವನು ಮತ್ತೆ ಬಂದಾನು, ಆಗಲಿ ಎಂದವನು ಬರುವುದಿಲ್ಲ ಎಂಬ ಭಯ ಅರ್ಜಿದಾರನದು.

10. ಅರ್ಜಿಯ ಉದ್ದೇಶ. ಇಲ್ಲಿಯವರೆಗೆ ಬರೆದು, ಪದ್ಧತಿಯಂತೆ ಬರಹಗಾರ ಕೇಳಿದನು: ಸದರಿ ಎಂಜಿನ್ನು ಯಾವ ಉದ್ದೇಶಕ್ಕೆ? ಅರ್ಜಿದಾರ ರಸ್ತೆಗೆ ಎಂದನು. ಯಾವ ರಸ್ತೆ ಎಂದು ಕೇಳಲಾಯಿತು. ಯಾವುದಾದರೂ ಆಗಬಹುದು ಎಂದನು. ಓಡಿಸುವವರು ಯಾರು? ತನಗೆ ಲೈಸೆನ್ಸ್ ಇಲ್ಲವೆಂದೂ, ಮೇಷ್ಟ್ರಿಗೆ ವೇಗವೆಂದರೆ ಆಗದೆಂದೂ ಅರ್ಜಿದಾರ ಒಪ್ಪಿಕೊಂಡನು. ಮನೆಯವರನ್ನು ಕೂರಿಸಿಕೊಂಡು ಹೋಗಲು ಸೀಟುಗಳಿವೆಯೇ? ಇಲ್ಲ. ಸೀಟು ತರುವ ಯೋಚನೆ ಎಂದಾದರೂ ಬಂದಿತ್ತೇ? ಬಂದಿರಲಿಲ್ಲ ಎಂದನು. ಉದ್ದೇಶವಿಲ್ಲದ ಅರ್ಜಿ ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ, ನಾಳೆ ಯೋಚಿಸಿ ಬಾ ಎಂದು ಬರಹಗಾರ ಹಾಳೆಯನ್ನು ಮಡಚಿ ಕಳುಹಿಸಿದನು. ನೌಕರಿಯಲ್ಲಿದ್ದಾಗಲೂ ಅವನು ಹೀಗೇ ಕಳುಹಿಸುತ್ತಿದ್ದನು; ಆಗ ಮರಳಿ ಬರುವವರು ಕಡಿಮೆ.

ಅರ್ಜಿದಾರ ಮರುದಿನ ಕೆಲಸಕ್ಕೂ ಹೋಗದೆ ಬಂದು, ಒಳಗೆ ಕೂರಲೂ ಒಲ್ಲದೆ, ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಾ ಹೇಳಿದ್ದು ಹೀಗಿದೆ. ಇದನ್ನು ಕಚೇರಿ ಭಾಷೆಗೆ ತಿರುಗಿಸಲು ಬರಹಗಾರನಿಗೆ ಮನಸ್ಸಾಗಲಿಲ್ಲ.

"ಬರ್ಕೊಳ್ಳಿ ಸಾರ್. ಸಣ್ಣ ದಾರಿ ಹೆಡ್ಡೇ ಸರಿ ಅಂತ ಮೊದಲನೇ ವಾರವೇ ಗೊತ್ತಾಗಿತ್ತು. ನನಗೆ ಮಾತ್ರ ಅಲ್ಲ, ಅವನಿಗೂ. ಸರಿ ಭಾವ, ಇದನ್ನೇ ಹಾಕಿ ಮುಗಿಸೋಣ ಅಂದ. ಮುಗಿಸೋಣ ಅಂದಿದ್ದು ಕೇಳಿ ನನಗೆ ದಿಗಿಲಾಯ್ತು. ಮುಗಿದ್ಮೇಲೆ ಇವನು ಯಾಕ್ ಬರ್ತಾನೆ? ಅದಕ್ಕೆ ನಾನೇ ಕೇಳ್ದೆ, ಅಲ್ಲಾ ಕಣೋ, ಎಂಜಿನ್ ಇಷ್ಟು ದೊಡ್ಡದಿದೆ, ಗಾಳಿ ಸಾಕಾಗುತ್ತಾ ಅಂತ. ದೊಡ್ಡ ದಾರಿ ಮಾತು ತೆಗೆದವನು ನಾನು. ಅವನು ಬೇಡ ಬೇಡ ಅಂತಿದ್ದ. ನಾನೇ ಕೂರಿಸಿಕೊಂಡು ಒಪ್ಪಿಸಿದೆ. ಅವನು ಒಪ್ಪಿದ ಮೇಲೆ ವಾದಕ್ಕೆ ಯಾರಾದ್ರೂ ಇರಬೇಕಲ್ಲ ಅಂತ ನಾನು ಮತ್ತೆ ಸಣ್ಣದಕ್ಕೆ ಬಂದೆ. ಅಷ್ಟೊತ್ತಿಗೆ ಅವನಿಗೆ ಅದು ತಲೆಗೆ ಹತ್ತಿಬಿಟ್ಟಿತ್ತು."

ರಸ್ತೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದನು:

"ದಿನಾ ಬಾವಿಯೊಳಗೆ ಒಬ್ನೇ ನೇತಾಡ್ತೀನಿ ಸಾರ್. ಸಂಜೆ ಅವನು ಗೇಟು ತೆಗೆಯೋ ಸದ್ದು ಒಂದಿದ್ರೆ ಸಾಕು ಅನ್ಸೋದು. ನನಗೆ ಎಂಜಿನ್ ಬೇಡ. ಅವನು ಬರಲಿ."

ಕಾರಣ, ಉದ್ದೇಶದ ಕಲಮಿನಲ್ಲಿ ಹೀಗೆ ನಮೂದಿಸಲಾಗಿದೆ: ಸಂಜೆಯ ಹೊತ್ತು ಭಾಮೈದ ಬರುವುದು.

11. ಮೇಲಿನ ಕಲಮನ್ನು ಬರೆದ ನಂತರ, ಇದನ್ನು ಹೊಡೆದುಹಾಕಿ, ಇಲ್ಲದಿದ್ದರೆ ಸಂಸಾರದಲ್ಲಿ ನಗೆಪಾಟಲಾಗುತ್ತೇನೆ ಎಂದು ಅರ್ಜಿದಾರ ಗೋಗರೆದನು. ಬರಹಗಾರ ಹೊಡೆದುಹಾಕಲಿಲ್ಲ. ತಾವು ನಗುವುದಿಲ್ಲವೆಂಬುದು ಬರಹಗಾರನ ನಂಬಿಕೆ. ನಗುವುದಾದರೆ ಊಟವಾದ ಮೇಲೆ, ಅರ್ಜಿದಾರ ಮಲಗಿದ್ದಾನೆಂದು ಖಾತ್ರಿ ಮಾಡಿಕೊಂಡು ನಗಬೇಕಾಗಿ ಕೋರಿಕೆ.

12. ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದ, ಮಾನ್ಯರು ದಯಮಾಡಿ:

(ಅ) ಎಂಜಿನ್ನನ್ನು ಗುಜರಿಗೆ ಹಾಕುವ ಆದೇಶಕ್ಕೆ ತಡೆ ನೀಡಬೇಕು. ಗುಜರಿಯವನಿಗೆ ಬದಲಿಯಾಗಿ ಹಿತ್ತಲಿನಲ್ಲಿರುವ ಸೀಳು ಬಿಟ್ಟ ಹಳೆಯ ಹೆಡ್ಡುಗಳನ್ನು ಕೊಡಬಹುದು. ಆತ ಖಾಲಿ ಕೈಯಲ್ಲಿ ಹೋಗುವುದು ಬೇಡ.

(ಆ) ಎಡ ಬಲ ಪಾಲನ್ನು ರದ್ದುಪಡಿಸಿ, ಎಂಜಿನ್ನು ಅವಿಭಕ್ತವೆಂದು ಘೋಷಿಸಬೇಕು. ಗೆರೆಯನ್ನು ಅರ್ಜಿದಾರ ಈಗಾಗಲೇ ಮಂಡಿಯೂರಿ ಒರೆಸಿರುತ್ತಾನೆ.

(ಇ) ಎರಡೂ ಕಡೆಗೆ ದೊಡ್ಡ ದಾರಿಯ ಹೆಡ್ಡನ್ನೇ ಹಾಕಲು ಅರ್ಜಿದಾರನ ಸಂಪೂರ್ಣ ಒಪ್ಪಿಗೆ ಇದೆ. ಅದು ತಪ್ಪು ಆಯ್ಕೆಯೆಂದು ಅವನಿಗೆ ಗೊತ್ತಿದ್ದು, ಈ ಮಾತನ್ನು ದಾಖಲೆಯ ಹೊರಗೆ ಇಡಬೇಕು. ಇದು ಅರ್ಜಿದಾರ ಸೋತು ಒಪ್ಪಿದ್ದೆಂದು ಮೇಷ್ಟ್ರಿಗೆ ಅನ್ನಿಸದಂತೆ, ತಮ್ಮದೇ ಸ್ವಂತ ತೀರ್ಪೆಂಬ ಗತ್ತಿನಲ್ಲಿ ತಿಳಿಸಬೇಕು.

(ಈ) ಬ್ರೇಕಿನ ಬಗ್ಗೆ ಆಡಿದ ಮಾತನ್ನು ಅರ್ಜಿದಾರ ಹಿಂತೆಗೆದುಕೊಂಡಿರುತ್ತಾನೆ. ಲಿಫ್ಟಿನ ಬಗ್ಗೆ ಮೇಷ್ಟ್ರು ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಅಗತ್ಯವಿಲ್ಲ. ಅದು ನಿಜವೆಂದು ಅರ್ಜಿದಾರ ಹೇಳುತ್ತಾನೆ.

(ಉ) ಸದರಿ ಮೇಷ್ಟ್ರಿಗೆ ಖುದ್ದು ವಿಚಾರಣೆಗೆಂದು ಶೆಡ್ಡಿಗೆ ಬರುವಂತೆ ಕರೆ ಕಳುಹಿಸಬೇಕು. ತಾವು ಅಕ್ಕನಾಗಿ ಕರೆದರೆ ಬಾರದಿರಬಹುದು. ಅಧಿಕಾರಿಯಾಗಿ ಗದರಿಸಿದರೆ ಬರುತ್ತಾನೆ. ಚಿಕ್ಕಂದಿನಿಂದ ಹಾಗೇ ಎಂದು ತಾವೇ ಒಮ್ಮೆ ಹೇಳಿದ್ದೀರಿ.

ಹೀಗೆಂದು ಕೈ ತೊಳೆದುಕೊಂಡು ಬಂದು ಸಹಿ ಮಾಡಿರುವ,

ತಮ್ಮ ಮೇಲೆ ಪೂರ್ತಿ ವಿಶ್ವಾಸವಿಟ್ಟಿರುವ, ತನ್ನ ಮೇಲೆ ಅಷ್ಟಿಲ್ಲದ,
ತಮ್ಮ ವಿಶ್ವಾಸಿ,
(ಅರ್ಜಿದಾರ)

ಲಗತ್ತುಗಳು:
1. ವ್ಯಾಕ್ಯೂಮ್ ಕ್ಲೀನರ್, ಒಂದು. ಚೀಲ ಖಾಲಿ ಮಾಡಿದೆ. ಸದ್ದು ಮೊದಲಿನಂತಿಲ್ಲ.
2. ಬಣ್ಣದ ಜೇಡಿಯ ತುಣುಕು, ಪಿಸ್ಟನ್ನಿನ ಅಚ್ಚು ಸಮೇತ. ಇದರಿಂದ ಏನು ಸಾಬೀತಾಗುತ್ತದೆಂದು ಬರಹಗಾರನಿಗೆ ತಿಳಿಯದು. ಇಬ್ಬರ ಬೆರಳಚ್ಚೂ ಇದರ ಮೇಲಿದೆ ಎಂದು ಅರ್ಜಿದಾರ ಒತ್ತಾಯಿಸಿದ್ದರಿಂದ ಲಗತ್ತಿಸಿದೆ.
3. ಗ್ಯಾರೇಜಿಗೆ ಹಿಂದಿರುಗಿಸದೆ ಊಟದ ಮೇಜಿನ ಮೇಲೇ ಉಳಿದಿರುವ ಹೆಡ್ಡು, ಎರಡು. ಭಾರದ ಕಾರಣ ಲಗತ್ತಿಸಿಲ್ಲ, ಇದ್ದಲ್ಲೇ ಪರಿಶೀಲಿಸಬಹುದು.

ಪ್ರತಿ: ಮೇಷ್ಟ್ರಿಗೆ ಕಳುಹಿಸತಕ್ಕದ್ದಲ್ಲ.

ಸಹಿಯ ನಂತರ ಸೇರಿಸಿದ್ದು: ಅರ್ಜಿದಾರ ಹಾಳೆ ತೆಗೆದುಕೊಂಡು ರಸ್ತೆಯ ಅರ್ಧದವರೆಗೆ ಹೋಗಿ, ಮರಳಿ ಬಂದು, ಇನ್ನೊಂದು ಕೋರಿಕೆ ಬರೆಯಲು ಕೇಳಿಕೊಂಡನು. ಇಂಥದ್ದನ್ನು ಯಾವ ಅರ್ಜಿದಾರನೂ ಯಾವ ಕಚೇರಿಯಲ್ಲೂ ಕೇಳಿದ್ದು ಬರಹಗಾರನಿಗೆ ಗೊತ್ತಿಲ್ಲ. ಆದರೂ ಹೇಳಿದಂತೆಯೇ ಬರೆದಿದೆ: ಮೇಷ್ಟ್ರು ವಿಚಾರಣೆಗೆ ಹಾಜರಾದ ಪಕ್ಷದಲ್ಲಿ, ಕಲಂ 12 (ಇ)ಯಲ್ಲಿ ಏನೇ ಒಪ್ಪಿಕೊಂಡಿದ್ದರೂ, ಯಾವ ಹೆಡ್ಡು ಎಂಬ ಬಗ್ಗೆ ಮಾನ್ಯರು ಅಂತಿಮ ಆದೇಶ ಹೊರಡಿಸಬಾರದಾಗಿಯೂ, ವಿಚಾರಣೆಯನ್ನು ಪ್ರತಿ ಸಂಜೆ ಮರುದಿನ ಸಂಜೆಗೆ ಮುಂದೂಡುತ್ತಾ ಹೋಗಬೇಕಾಗಿಯೂ ಪ್ರಾರ್ಥನೆ.